ಸಮ್ಮೋಹನದಿಂದ ಅವ್ವನಿಗೆ ಮರೆತದ್ದು ನೆನಪಾದೀತೇ?

ಪ್ರಶ್ನೆ (ನವನಗರ, ಬಾಗಲಕೋಟೆ)
ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬರುವ ಗದ್ದಲದಲ್ಲಿ ನಮ್ಮ ಅವ್ವ ತನ್ನ ಬೋರಮಳ ಸರವನ್ನು ಎಲ್ಲಿಯೋ ಕಟ್ಟಿಟ್ಟಳು. ಎಲ್ಲಿ ಎಂಬುದು ಇಂದಿಗೂ ನೆನಪಾಗಿಲ್ಲ. ಅಂದು ಸಾಮಾನು ಸಾಗಿಸಲು ಬಂದಿದ್ದ ಸೋದರಮಾವನ ಮೇಲೆ ಮನೆಯಲ್ಲಿ ಕೆಲವರಿಗೆ ಅನುಮಾನವಿದೆ. ಸಮ್ಮೋಹನಕ್ಕೆ (ಹಿಪ್ನಾಟಿಸಂ) ಒಳಪಡಿಸಿದರೆ ಆ ದಿನದ ಸಂಗತಿಯೆಲ್ಲ ಆಕೆಯ ಬಾಯಿಂದಲೇ ಹೊರಬರುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಅವ್ವನಿಗೆ ಈಗ 72 ವರ್ಷ. ಇದನ್ನು ನಂಬಬಹುದೇ?

ಉತ್ತರ (ಬೆಳಗಾವಿ, ಮನಶ್ಶಾಸ್ತ್ರದ ಅಧ್ಯಾಪಕಿ)
ದಯವಿಟ್ಟು ಈ ಕೆಲಸಕ್ಕೆ ಸಮ್ಮೋಹನವನ್ನು ಬಳಸಬೇಡಿ. ಹಳೆಯದನ್ನು ನೆನೆಯುವಾಗಲೆಲ್ಲ ನಾವು ಉಳಿದ ತುಣುಕುಗಳಿಂದ ಘಟನೆಯನ್ನು ಮತ್ತೆ ಕಟ್ಟುತ್ತೇವೆ. ಸಮ್ಮೋಹನದಲ್ಲಿ ಕಲ್ಪನೆಯ ಕಡಿವಾಣ ಸಡಿಲಾಗಿ, ಕೇಳುವವರ ಮಾತಿಗೆ ಮನಸ್ಸು ಬೇಗ ಬಾಗುವುದರಿಂದ, ತುಣುಕುಗಳ ನಡುವಿನ ತೆರಪು ಊಹೆಯಿಂದ ತುಂಬಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರಾದ ಲಾರೆನ್ಸ್ ಮತ್ತು ಪೆರಿ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗುವ 27 ಮಂದಿಗೆ ಹಿಂದಿನ ವಾರದ ಒಂದು ರಾತ್ರಿ ಜೋರಾದ ಸದ್ದು ಕೇಳಿಸಿತ್ತೆಂದು ಸೂಚಿಸಲಾಯಿತು. ಸಮ್ಮೋಹನ ಮುಗಿದ ಮೇಲೂ 13 ಮಂದಿ ಆ ಇಲ್ಲದ ಸದ್ದನ್ನು ನಿಜವೆಂದೇ ನಂಬಿದ್ದರು. ಹೀಗೆ ಬಂದ ನೆನಪು ಸಾಮಾನ್ಯ ನೆನಪಿಗಿಂತ ಹೆಚ್ಚು ವಿಶ್ವಾಸಾರ್ಹವಲ್ಲ ಎಂದು ಅಮೆರಿಕದ ವೈದ್ಯಕೀಯ ಸಂಘದ ಸಮಿತಿ 1985ರಲ್ಲಿ ಹೇಳಿತು.

ನನ್ನನ್ನು ಕಾಡುವುದು ನಿಮ್ಮ ಸೋದರಮಾವನ ವಿಚಾರ. ‘ಆಗ ನಿಮ್ಮ ತಮ್ಮ ಅಲ್ಲಿದ್ದರೇ?’ ಎಂಬ ಒಂದೇ ಪ್ರಶ್ನೆಯಿಂದ, ಅವರು ಸರ ಎತ್ತಿಕೊಂಡ ಚಿತ್ರ ತಾಯಿಯವರ ಕಣ್ಣಿಗೆ ಕಟ್ಟಬಹುದು. ಆಮೇಲೆ ತಾಯಿಯವರು ಅದನ್ನೇ ಆಣೆ ಮಾಡಿ ಹೇಳುತ್ತಾರೆ, ಅದೂ ಪ್ರಾಮಾಣಿಕವಾಗಿ.

ಉತ್ತರ (ವಿಜಯಪುರ)
ಆದರೆ 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸಿನ ಅಪಹರಣವಾದಾಗ, ಚಾಲಕ ಸಮ್ಮೋಹನದಲ್ಲಿಯೇ ಅಪಹರಣಕಾರರ ವಾಹನದ ಸಂಖ್ಯೆಯನ್ನು ಬಹುಪಾಲು ಸರಿಯಾಗಿ ಹೇಳಿದ್ದನಲ್ಲವೇ?

ಉತ್ತರ (ಬೆಳಗಾವಿ, ಮನಶ್ಶಾಸ್ತ್ರದ ಅಧ್ಯಾಪಕಿ)
ಹೌದು. ಆದರೆ ಆ ಸಂಖ್ಯೆಯನ್ನು ತಾಳೆ ನೋಡಲು ನೋಂದಣಿ ದಾಖಲೆಗಳಿದ್ದವು. ಇಲ್ಲಿ ಹಳೆಯ ಮನೆಯೇ ಇಲ್ಲವೆಂದ ಮೇಲೆ ಸುಳ್ಳು ನೆನಪನ್ನು ನಿಜದಿಂದ ಬೇರ್ಪಡಿಸುವವರು ಯಾರು? ತಾಯಿಯವರನ್ನು ಎಚ್ಚರದಲ್ಲಿಯೇ ಕೂಡಿಸಿಕೊಂಡು, ಆ ಮುಂಜಾನೆ ಒಲೆ ಹಚ್ಚಿದ್ದರಿಂದ ಹಿಡಿದು ಅವರಾಗಿಯೇ ಹೇಳಲು ಬಿಡಿ. ಯಾರ ಹೆಸರನ್ನೂ ನೀವು ಎತ್ತಬೇಡಿ. ದಿನನಿತ್ಯದ ಸಂಗತಿಗಳೂ ಮರೆಯುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ತೋರಿಸಿ.

ಪ್ರಶ್ನೆ ಕೇಳಿದವರು
ನಿನ್ನೆ ಹಾಗೆಯೇ ಮಾಡಿದೆ. ಜೋಳದ ಚೀಲಗಳನ್ನು ದಬ್ಬಣದಿಂದ ಹೊಲಿದದ್ದು, ಹಿತ್ತಲ ಕರಿಬೇವಿನ ಗಿಡವನ್ನು ಬಿಟ್ಟುಬಂದದ್ದು, ಎಲ್ಲವನ್ನೂ ಅವ್ವ ಹೇಳಿದಳು. ಸರದ ಮಾತು ಬರಲಿಲ್ಲ, ನಾನೂ ಕೇಳಲಿಲ್ಲ. ಸಮ್ಮೋಹನ ಬೇಡವೆಂದು ಮನೆಯವರಿಗೆ ತಿಳಿಸಿದ್ದೇನೆ.