ಆರ್‌ಒ ನೀರಿನ ಟಿಡಿಎಸ್ ಇಳಿಯುತ್ತಿಲ್ಲ, ಸಹಾಯ ಬೇಕು

ಮನೆಯ ಕುಡಿಯುವ ನೀರಿನ ಆರ್‌ಒ ಫಿಲ್ಟರ್‌ನಿಂದಲೇ ನನ್ನ ಮೀನಿನ ತೊಟ್ಟಿಗೂ ನೀರು ಹಿಡಿಯುತ್ತೇನೆ. ನಲ್ಲಿ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) 480. ಫಿಲ್ಟರ್ ಆದ ಮೇಲೆ 30 ಇರುತ್ತಿತ್ತು. ಎರಡು ವಾರದಿಂದ 130ಕ್ಕಿಂತ ಕೆಳಗೆ ಇಳಿಯುತ್ತಲೇ ಇಲ್ಲ. ನಮಗೆ ಕುಡಿಯಲು ತೊಂದರೆಯಿಲ್ಲ, ಆದರೆ ಮೊಟ್ಟೆ ಇಡಲು ಎಲೆ ಒರೆಸುತ್ತಾ ಕೂತಿರುವ ಏಂಜಲ್ ಮೀನಿನ ಜೋಡಿಗೆ ಮೆದು ನೀರೇ ಬೇಕಲ್ವಾ!

ಸೆಡಿಮೆಂಟ್, ಕಾರ್ಬನ್ ಫಿಲ್ಟರ್ ಎರಡೂ ಬದಲಾಯಿಸಿದೆ. ಆರ್‌ಒ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಿದೆ. ಮೀಟರ್ ಮೇಲೇ ಅನುಮಾನ ಬಂದು ಗೆಳೆಯನದ್ದು ತಂದು ನೋಡಿದೆ, ಅದೂ 130 ಎಂದಿತು.

ಗೊಂದಲ ಇಲ್ಲಿದೆ. ಲವಣ ತಡೆಯುವ ಮೆಂಬ್ರೇನ್ ಹಾಕಿ ಹತ್ತು ತಿಂಗಳಷ್ಟೇ ಆಗಿದೆ. ಆದರೆ ರುಚಿಗೆಂದು ಸ್ವಲ್ಪ ನಲ್ಲಿ ನೀರು ಬೆರೆಸುವ ಟಿಡಿಎಸ್ ಸ್ಕ್ರೂ ಒಂದಿದೆ. ಇದೆಲ್ಲ ಶುರುವಾಗುವ ಮುಂಚೆ ಪಂಪ್ ರಿಪೇರಿ ಆಗಿತ್ತು, ಆಗ ಯಾರಾದರೂ ಅದನ್ನು ತಿರುಗಿಸಿದರೋ ಏನೋ. ಅದರ ಮೇಲೆ ಗುರುತೇ ಇಲ್ಲ, ಸುಮ್ನೆ ತಿರುಗಿಸಲು ಭಯ.

ತಪ್ಪು ಮೆಂಬ್ರೇನ್‌ದೋ ಸ್ಕ್ರೂದೋ ಎಂದು ತಿಳಿಯಲು, ನೀರು ಬೆರೆಯುವ ಮುಂಚೆ ಯಾವ ಪೈಪ್ ಬಿಚ್ಚಿ ಅಳೆಯಬೇಕು? ಅಲ್ಲಿ ಎಷ್ಟು ಬಂದರೆ ಮೆಂಬ್ರೇನ್ ಹೋಗಿದೆ ಎಂದರ್ಥ?