ಕೋಟೆ ಬಿಟ್ಟು ಬೇರೇನು ನೋಡಬಹುದು? ದುರ್ಗ, ದಾವಣಗೆರೆ ಸೀಮೆ ಸುತ್ತಿದವರು ಹೇಳಿ

ಕೇಳಿದವರು: ದಾವಣಗೆರೆ ಮಗಳು, ಈಗ ಬೆಂಗಳೂರು

ದಸರಾ ರಜೆಗೆ ತವರಿಗೆ ಬರುತ್ತಿದ್ದೇನೆ. ಮೂರು ದಿನ ತಮ್ಮನ ಕಾರು ಸಿಗುತ್ತದೆ. ಮಗ ಏಳನೇ ಕ್ಲಾಸು, ಇತಿಹಾಸ ಅಂದರೆ ಆಕಳಿಸುತ್ತಾನೆ. ಜೊತೆಗೆ ಅಮ್ಮ ಬರುತ್ತಾರೆ. ಅವರಿಗೆ ಮಂಡಿನೋವು, ಜಾಸ್ತಿ ಮೆಟ್ಟಿಲು ಆಗಲ್ಲ. ಚಿತ್ರದುರ್ಗದ ಕೋಟೆಗೆ ಸ್ಕೂಲಿನವರು ಕರೆದುಕೊಂಡು ಹೋಗಿದ್ದರು. ಓಬವ್ವನ ಕಿಂಡಿ ಮುಂದೆ ಸಾಲಾಗಿ ನಿಂತು ಫೋಟೋ ಹೊಡೆಸಿಕೊಂಡಿದ್ದು ಬಿಟ್ಟರೆ ಏನೂ ನೆನಪಿಲ್ಲ. ಎರಡೂ ಜಿಲ್ಲೆಯಲ್ಲಿ ಸಣ್ಣ ಮ್ಯೂಸಿಯಂ, ಹಳ್ಳಿ ಕಡೆಯ ಗುಡಿ, ಶಾಸನ ಇಂಥವು ನೋಡಬೇಕು ಅಂತ ಆಸೆ. ಹೋಗಿ ಬಂದವರು ನಿಮಗೆ ಆಗಿದ್ದನ್ನು ಆಗಿದ್ದ ಹಾಗೇ ಹೇಳಿ. ಮೊಬೈಲ್ ತೆಗೆದರೆ ಸಿಗುವ ‘ಟಾಪ್ ಹತ್ತು’ ಪಟ್ಟಿ ಬೇಡ.

ದುರ್ಗದ ಮೇಷ್ಟ್ರು

ನೋಡಮ್ಮಾ, ನಿನ್ನ ಹಾಗೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡ ಮಕ್ಕಳನ್ನು ವರ್ಷಾ ವರ್ಷಾ ಕೋಟೆಗೆ ಹತ್ತಿಸಿದವನು ನಾನೇ. ರಿಟೈರ್ ಆದಮೇಲೆ ಗೊತ್ತಾಯಿತು, ನಾನು ತೋರಿಸುತ್ತಿದ್ದ ಕ್ರಮವೇ ಉಲ್ಟಾ. ಮೊದಲು ಕೋಟೆ, ಸುಸ್ತಾದ ಮೇಲೆ ಮ್ಯೂಸಿಯಂ. ಅಷ್ಟೊತ್ತಿಗೆ ಮಕ್ಕಳ ಕಣ್ಣು ಐಸ್‌ಕ್ರೀಮ್ ಗಾಡಿ ಮೇಲೆ.

ನೀನು ಮೊದಲು ರಂಗಯ್ಯನ ಬಾಗಿಲಿಗೆ ಹೋಗು. ಊರೊಳಗೇ ಇದೆ, ಸರ್ಕಾರಿ ಮ್ಯೂಸಿಯಂ ಇರುವುದು ಅಲ್ಲೇ. ಹಳೇ ಕಾಲದ ಬಾಗಿಲು ಅದು, ಅದರ ಕಲ್ಲಿನ ಕೆಲಸ ನೋಡಿಕೊಂಡೇ ಒಳಗೆ ಹೋಗು. ಚಂದ್ರವಳ್ಳಿ, ಬ್ರಹ್ಮಗಿರಿ ಕಡೆ ಅಗೆದಾಗ ಸಿಕ್ಕ ಸಾಮಾನು, ಹಳೇ ಆಯುಧ, ವಿಗ್ರಹ, ವೀರಗಲ್ಲು ಎಲ್ಲ ಇವೆ. ಸೋಮವಾರ ಸಾಮಾನ್ಯವಾಗಿ ರಜೆ, ಬೇರೆ ದಿನ ಇಟ್ಟುಕೊ.

ಎಲ್ಲವನ್ನೂ ತೋರಿಸಬೇಡ. ಹುಡುಗನನ್ನು ಒಂದೇ ಒಂದು ವೀರಗಲ್ಲಿನ ಮುಂದೆ ನಿಲ್ಲಿಸು. ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ಹೇಳು. ಕೆಳಗಿನ ಪಟ್ಟಿಯಲ್ಲಿ ಜಗಳ: ಕತ್ತಿ, ಬಿಲ್ಲು, ಎಷ್ಟೋ ಸಲ ದನಗಳೂ ಇರುತ್ತವೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಅಂತ ಅರ್ಥ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಪಟ್ಟಿಗಳ ನಡುವೆ ಕಿರಿದಾದ ಜಾಗ ಇರುತ್ತದಲ್ಲ, ಅಕ್ಷರ ಇದ್ದರೆ ಅಲ್ಲೇ. ಬಳೆ ತೊಟ್ಟ ಒಂದು ಕೈ ಮಾತ್ರ ಮೇಲೆತ್ತಿದ ಹಾಗೆ ಕೆತ್ತಿದ್ದರೆ ಅದು ಮಾಸ್ತಿಗಲ್ಲು, ಗಂಡನ ಜೊತೆ ಚಿತೆ ಏರಿದವಳ ಕಲ್ಲು. ಇಷ್ಟು ತಲೆಗೆ ಹೋದರೆ ಸಾಕು. ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಹನುಮಪ್ಪನ ಗುಡಿ ಹಿಂದೆ ಇಂಥದ್ದೊಂದು ಒರಗಿಕೊಂಡಿರುತ್ತದೆ, ಅವನೇ ಓದಿಬಿಡುತ್ತಾನೆ.

ಅಲ್ಲಿಂದ ಚಂದ್ರವಳ್ಳಿ. ಊರಿಗೆ ಅಂಟಿಕೊಂಡೇ ಇದೆ. ಜನ ಕೆರೆ ನೋಡಿ, ಬಂಡೆ ಮೇಲೆ ಕೂತು ಚುರುಮುರಿ ತಿಂದು ಬರುತ್ತಾರೆ. ಭೈರವೇಶ್ವರ ಗುಡಿ ಪಕ್ಕದ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, 4ನೇ ಶತಮಾನದ್ದು. ಭಾಷೆ ಕನ್ನಡ ಅಲ್ಲ, ಪ್ರಾಕೃತ. ಅದರಲ್ಲಿ ಇರುವುದು ಕೆರೆಯ ವಿಷಯ. ನನಗೆ ಅದೇ ಖುಷಿ. ಮಳೆ ಕಮ್ಮಿ ಇರುವ ನಮ್ಮೂರಲ್ಲಿ ರಾಜ ಬಂಡೆ ಮೇಲೆ ಬರೆಸಿದ್ದೂ ನೀರಿನ ಲೆಕ್ಕವೇ. ಇದೇ ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ನಾಣ್ಯದ ಜೊತೆ ರೋಮಿನ ನಾಣ್ಯವೂ ಸಿಕ್ಕಿದೆ. ಅಂಕಲಿ ಮಠದ ಗುಹೆಗೆ ಅಮ್ಮನನ್ನು ಇಳಿಸಬೇಡ. ಕತ್ತಲು, ಬಗ್ಗಿ ನಡೆಯಬೇಕು. ಹುಡುಗ ಹೋಗಲಿ, ದಾರಿ ಗೊತ್ತಿರುವವರು ಜೊತೆಗಿರಲಿ, ಟಾರ್ಚ್ ಇರಲಿ.

ಕೋಟೆಗೆ ಹೋಗಲೇಬೇಕು ಅಂದರೆ ಈ ಸಲ ನೀರಿನ ದಾರಿ ಒಂದನ್ನೇ ಹಿಡಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದರೆ ಅಕ್ಕ ತಂಗಿ ಹೊಂಡ. ಅದೂ ತುಂಬಿದರೆ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡ. ಒಂದು ಹನಿಯೂ ಸುಮ್ನೆ ಹೋಗಬಾರದು ಅಂತ ಲೆಕ್ಕ ಹಾಕಿ ಕಟ್ಟಿದ್ದಾರೆ. ಹೈದರಾಲಿ ಇದನ್ನು ಕೊನೆಗೆ ಗೆದ್ದದ್ದು 1779ರಲ್ಲಿ. ಅದಕ್ಕೂ ಮುಂಚೆ ಎಷ್ಟು ಸಲ ಮುತ್ತಿಗೆ ಹಾಕಿ ವಾಪಸ್ ಹೋದ! ಗೋಡೆ ಎಷ್ಟು ಸುತ್ತು ಇದ್ದರೇನು, ಒಳಗೆ ಕುಡಿಯಲು ನೀರಿಲ್ಲದಿದ್ದರೆ ಎಂಟು ದಿನ ತಡೆಯುತ್ತಿತ್ತಾ? ಮೊದಲ ಬಾಗಿಲು ದಾಟಿದರೆ ಸಿಡಿಮದ್ದು ಬೀಸುವ ಕಲ್ಲುಗಳಿವೆ, ಅಮ್ಮ ಅಲ್ಲಿವರೆಗೆ ನಿಧಾನಕ್ಕೆ ಬರಬಹುದು. ಬೆಳಿಗ್ಗೆ ಬೇಗ ಹತ್ತಿ. ಒಂಬತ್ತರ ಮೇಲೆ ಬಂಡೆ ಕಾದರೆ ನಮ್ಮೂರವರಿಗೇ ಆಗಲ್ಲ.

ಹಿರಿಯೂರು ಕಡೆಯವನು

ಮೇಷ್ಟ್ರು ಹೇಳಿದ್ದು ಸರಿ. ಬೆಂಗಳೂರಿಂದ ಬರುವಾಗ ಹಿರಿಯೂರಲ್ಲೇ ಒಳಗೆ ತಿರುಗಿದರೆ ತೇರುಮಲ್ಲೇಶ್ವರನ ಗುಡಿ ಆಗುತ್ತದೆ. ಮಾರಿಕಣಿವೆಗೂ ಒಂದು ಸಲ ಹೋಗಿ ಅಕ್ಕ. 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಅಣೆಕಟ್ಟೆ. 1933ರಲ್ಲಿ ತುಂಬಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ರಲ್ಲಿ. ನಮ್ಮಜ್ಜಿ ಹುಡುಗಿಯಾಗಿದ್ದಾಗ ಕಂಡ ಕೋಡಿಯನ್ನು ನಾವು ಕಂಡಿದ್ದು ಈಗ. ಅಮ್ಮನಿಗೆ ಹೆಚ್ಚು ನಡಿಗೆ ಇಲ್ಲ.

ಹರಿಹರದ ಹುಡುಗ

ಅಕ್ಕ, ತವರಿನ ಪಕ್ಕದ ಹರಿಹರವನ್ನೇ ಬಿಟ್ಟುಬಿಡಬೇಡಿ. ದಿನಾ ಬಸ್ಸಿನಲ್ಲಿ ದಾಟುತ್ತೇವೆ, ಇಳಿಯುವುದೇ ಇಲ್ಲ. ಹರಿಹರೇಶ್ವರ ಗುಡಿ ಕಟ್ಟಿಸಿದ್ದು ಹೊಯ್ಸಳರ ದಂಡನಾಯಕ ಪೋಲಾಳ್ವ, 1224ರ ಸುಮಾರಿಗೆ. ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಅಮ್ಮನಿಗೆ ಮೆಟ್ಟಿಲಿನ ತೊಂದರೆ ಕಮ್ಮಿ. ಮಂಟಪದಲ್ಲಿ ಕೂರಲು ಕಲ್ಲಿನ ಜಗಲಿ ಇದೆ, ತಂಪಾಗಿರುತ್ತದೆ. ನೀವು ಆರಾಮವಾಗಿ ಕಂಬ, ಶಾಸನ ನೋಡಬಹುದು.

ಆವರಣದಲ್ಲಿರುವ ಶಾಸನಗಳನ್ನು ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ, ಇಲ್ಲಾ ಸಂಜೆ ನೋಡಿ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಒಳಗೆ ನೆರಳು ಕೂರುತ್ತದೆ, ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಅದೇ ಕಲ್ಲು ಬೋಳು. ಮೋಡ ಇದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಅಂಚಿನಿಂದ ಹಾಯಿಸಿ, ಮುಂದಿನಿಂದ ಬೇಡ. ಕೆಲವರು ಸುಣ್ಣದ ಕಡ್ಡಿಯಲ್ಲಿ ಅಕ್ಷರ ತಿದ್ದಿ ಫೋಟೋ ತೆಗೆಯುತ್ತಾರೆ. ದಯವಿಟ್ಟು ಬೇಡ, ತಪ್ಪು ತಿದ್ದಿದರೆ ಆಮೇಲೆ ಬಂದವರು ತಪ್ಪನ್ನೇ ಓದುತ್ತಾರೆ.

ಇನ್ನೊಂದು ಸಂತೆಬೆನ್ನೂರು, ಚನ್ನಗಿರಿ ತಾಲ್ಲೂಕು. ದಾವಣಗೆರೆಯಿಂದ ಹತ್ತತ್ತಿರ ಒಂದು ಗಂಟೆ. ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ಊರೊಳಗೆ ಹೋಗುತ್ತಾ ಹೋಗುತ್ತಾ ‘ಇಲ್ಲೇನಿರುತ್ತೆ’ ಅನ್ನಿಸುತ್ತದೆ. ಗೇಟ್ ದಾಟಿದ ಕೂಡಲೇ ಬಾಯಿ ಮುಚ್ಚುತ್ತದೆ! ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಸುತ್ತ ಮಂಟಪ, ನೀರಿನ ನಡುವೆ ವಸಂತ ಮಂಟಪ. ಪಕ್ಕದಲ್ಲೇ ಮುಸಾಫಿರ್ ಖಾನಾ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ ಕಮಾನಿನ ಕಟ್ಟಡ. ಎರಡನ್ನೂ ಒಂದೇ ಕಡೆ ನಿಂತು ನೋಡಬಹುದು. ಅಮ್ಮ ಮೇಲಿನ ಕಟ್ಟೆಯಲ್ಲೇ ಕೂತರೂ ಎಲ್ಲ ಕಾಣುತ್ತದೆ, ಮೆಟ್ಟಿಲು ಇಳಿಯುವುದೇ ಬೇಡ. ವಾಪಸ್ ಬರುವಾಗ ಸೂಳೆಕೆರೆ ಏರಿ ಮೇಲೆ ಹತ್ತು ನಿಮಿಷ ನಿಲ್ಲಿ, ಈಗ ಶಾಂತಿಸಾಗರ ಅಂತಾರೆ. ದಾವಣಗೆರೆಯ ಬೆಣ್ಣೆ ದೋಸೆ ಬಗ್ಗೆ ನಾನು ಹೇಳಬೇಕಾಗಿಲ್ಲ ಅಲ್ವಾ, ನಿಮ್ಮೂರೇ.

ಚಳ್ಳಕೆರೆಯ ಕಾಲೇಜು ಮೇಡಂ

ಮೂರರಲ್ಲಿ ಒಂದು ದಿನ ನಮ್ಮ ಕಡೆಗೆ ಕೊಡಿ. ಮೊಳಕಾಲ್ಮೂರು ಅಂದರೆ ಎಲ್ಲರಿಗೂ ಸೀರೆ ನೆನಪಾಗುತ್ತದೆ. ನಾನು ಹೇಳುವುದು ಅದೇ ತಾಲ್ಲೂಕಿನ ಬ್ರಹ್ಮಗಿರಿ, ಅಶೋಕನ ಶಾಸನ ಇರುವ ಜಾಗ.

ಮೊದಲು ನನ್ನ ಪೆದ್ದುತನ ಕೇಳಿ. ಮೊದಲ ಸಲ ಹೋಗಿದ್ದು ಏಪ್ರಿಲ್‌ನಲ್ಲಿ, ಹನ್ನೆರಡು ಗಂಟೆಗೆ. ಕೈಯಲ್ಲಿ ಅರ್ಧ ಬಾಟಲಿ ನೀರು. ಶಾಸನದ ಬಂಡೆಗೆ ರಕ್ಷಣೆಗೆ ಅಂತ ಕಟ್ಟಡ ಕಟ್ಟಿದ್ದಾರೆ, ಬೀಗ ಬಿದ್ದಿತ್ತು. ‘ಅಶೋಕನ ಶಾಸನ ಎಲ್ಲಿ’ ಅಂತ ಕೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ಕುರಿ ಕಾಯುತ್ತಿದ್ದ ಅಜ್ಜನಿಗೆ ‘ಬಂಡೆ ಮೇಲೆ ಅಕ್ಷರ ಐತಲ್ಲ’ ಅಂದೆ. ‘ಓ, ಅಕ್ಷರದ ಗುಂಡಾ? ಅದುನ್ನ ಕೇಳು ಮತ್ತೆ!’ ಅಂತ ನಕ್ಕ. ಬೀಗದ ಕೈ ಇದ್ದವರು ಹೊಲದಲ್ಲಿದ್ದರು. ಅವರನ್ನು ಕರೆಸಿದ್ದೂ ಆ ಅಜ್ಜನೇ. ಅವತ್ತಿನಿಂದ ಊರಿಗೆ ಹೋದ ತಕ್ಷಣ ಮೊದಲು ಟೀ ಅಂಗಡಿಗೆ ಹೋಗುತ್ತೇನೆ. ಟೀ ಕುಡಿಯುವಷ್ಟರಲ್ಲಿ ಬೀಗದ ಕೈ ಯಾರ ಮನೆಯಲ್ಲಿದೆ ಅನ್ನುವುದು ಗೊತ್ತಾಗುತ್ತದೆ.

ಈ ಶಾಸನಗಳನ್ನು 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದರು. ಸುತ್ತಮುತ್ತ ಮೂರು ಕಡೆ ಇವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿದೆ, ಅಮ್ಮ ಇದ್ದರೆ ಅದು ಬೇಡ. ಅಲ್ಲಿಯ ಬಂಡೆಗೆ ಬಳೆಗಾರರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹಾಕುತ್ತಿದ್ದರಂತೆ. ಅಕ್ಷರ ಸವೆದು ಹೋಗಿರುವುದು ನೋಡಿದರೆ ನಂಬಬಹುದು.

ಬ್ರಹ್ಮಗಿರಿ ಬಂಡೆಯ ಮುಂದೆ ಮಗನಿಗೆ ಎರಡು ವಿಷಯ ಹೇಳಿ. ಒಂದು, ಇಲ್ಲಿ ಅಶೋಕ ಅನ್ನುವ ಹೆಸರೇ ಇಲ್ಲ, ‘ದೇವಾನಾಂಪಿಯ’ ಅಂತಷ್ಟೇ ಇದೆ, ದೇವರಿಗೆ ಪ್ರಿಯನಾದವನು ಅಂತ ಅರ್ಥ. ಅಶೋಕನ ಹೆಸರಿದ್ದ ಶಾಸನ 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿಕ್ಕ ಮೇಲೆ ಇವನೇ ಅವನು ಅಂತ ಗಟ್ಟಿಯಾಯಿತು. ಎರಡನೆಯದು ನನಗೆ ಜಾಸ್ತಿ ಇಷ್ಟ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ಹೆಸರಿನ ಮುಂದೆ ‘ಲಿಪಿಕಾರ’ ಅನ್ನುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯ ಗಡಿಯ ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರಿನ ಬಂಡೆ ಮೇಲೆ ಅದನ್ನು ಓದುವವರು ಯಾರಿದ್ದರು? ನನಗನ್ನಿಸುವುದು, ‘ನನಗೆ ಅದೂ ಬರುತ್ತೆ’ ಅಂತ ಜಂಬ. ನನ್ನ ಸ್ಟೂಡೆಂಟ್‌ಗಳು ಬೆಂಚಿನ ಮೇಲೆ ಹೆಸರು ಕೊರೆಯುತ್ತಾರಲ್ಲ, ಹಾಗೆ. ಏಳನೇ ಕ್ಲಾಸಿನ ಹುಡುಗನಿಗೆ ಇದು ಥಟ್ ಅಂತ ಹತ್ತುತ್ತದೆ. ಅಪ್ಪ ಅಮ್ಮನ ಮಾತು ಕೇಳಬೇಕು, ನಿಜ ಹೇಳಬೇಕು ಅಂತಲೂ ಅದರಲ್ಲಿದೆ. ಅದನ್ನು ನೀವು ಹೇಳದೆ ಬಿಡುವುದಿಲ್ಲ, ಗೊತ್ತು.

ಅಲ್ಲೇ ಸುತ್ತ 1947ರಲ್ಲಿ ಪುರಾತತ್ವದ ಮಾರ್ಟಿಮರ್ ವೀಲರ್ ಅಗೆಸಿದರು. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ರೋಮಿನ ಸಾಮಾನಿನ ಜೊತೆ ಸಿಕ್ಕಿದ್ದಂಥ ಮಣ್ಣಿನ ಪಾತ್ರೆಯ ಚೂರು ಇಲ್ಲೂ ಸಿಕ್ಕಿತು. ಆ ಪದರದ ಕಾಲ ಗೊತ್ತಾದ ಮೇಲೆ, ಅದರ ಕೆಳಗಿನ ಗೋರಿಕಲ್ಲುಗಳ ಕಾಲದ ಪದರ, ಅದಕ್ಕೂ ಕೆಳಗಿನ ಕಲ್ಲುಕೊಡಲಿಯ ಪದರ ಹಿಂದಿನವು ಅಂತ ಎಣಿಸಿದರು. ಅವರು ಹಾಕಿದ ಇಸವಿಗಳನ್ನು ಆಮೇಲಿನವರು ತಿದ್ದಿದ್ದಾರೆ, ಆದರೆ ಪದರಗಳ ಸಾಲು ಉಳಿದಿದೆ. ರಂಗಯ್ಯನ ಬಾಗಿಲಿನ ಮಡಕೆ ಚೂರುಗಳನ್ನು ಮೊದಲು ನೋಡಿಕೊಂಡು ಬಂದರೆ ಇದು ಸುಲಭ.

ನೆರಳಿಲ್ಲ, ಹೋಟೆಲಿಲ್ಲ. ಬುತ್ತಿ ಕಟ್ಟಿಕೊಳ್ಳಿ, ತಲಾ ಎರಡು ಲೀಟರ್ ನೀರು. ಪೆಟ್ರೋಲ್ ಚಳ್ಳಕೆರೆಯಲ್ಲೇ ಹಾಕಿಸಿ.

ದಾವಣಗೆರೆಯ ಇನ್ನೊಬ್ಬರು

ಒಂದೇ ಮಾತು. ದಿನಕ್ಕೆ ಎರಡು ಜಾಗಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ನಾವು ಒಂದೇ ದಿನ ಐದು ನೋಡಿದೆವು. ಈಗ ಯಾವ ಫೋಟೋ ಯಾವ ಗುಡಿಯದು ಅಂತ ಮನೆಯಲ್ಲಿ ಜಗಳ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆವು. ಮೊದಲ ದಿನ ರಂಗಯ್ಯನ ಬಾಗಿಲು, ಚಂದ್ರವಳ್ಳಿ. ಕೋಟೆ ಬಿಟ್ಟೆವು. ಎರಡನೇ ದಿನ ಬ್ರಹ್ಮಗಿರಿ. ಮೇಡಂ, ಟೀ ಅಂಗಡಿ ಉಪಾಯ ಕೆಲಸ ಮಾಡಿತು, ಆದರೂ ಮುಕ್ಕಾಲು ಗಂಟೆ ಕಾದೆವು. ಚಪಡನ ಕಥೆ ಕೇಳಿದ ಮೇಲೆ ಮಗ ತನ್ನ ಹೆಸರನ್ನು ಬಲದಿಂದ ಎಡಕ್ಕೆ ಬರೆಯುವುದು ಶುರು ಮಾಡಿದ್ದಾನೆ, ಹೋಮ್‌ವರ್ಕ್ ಮೇಲೂ. ಮೂರನೇ ದಿನ ಸಂತೆಬೆನ್ನೂರು. ಅಮ್ಮ ಕಟ್ಟೆ ಮೇಲೆ ಕೂತವರು ಏಳಲೇ ಇಲ್ಲ. ಹಾಗಾಗಿ ಸೂಳೆಕೆರೆ ಆಗಲಿಲ್ಲ, ಹರಿಹರವೂ ಬಾಕಿ.

ಮೇಷ್ಟ್ರೇ, ನಿಮಗೊಂದು ಕೆಲಸ. ವಾಪಸ್ ಬರುವಾಗ ಅಜ್ಜಿ ಊರಿಗೆ ಹೋಗಿದ್ದೆವು. ಅಲ್ಲಿ ಬಾವಿ ಪಕ್ಕ ಒಂದು ಕಲ್ಲಿದೆ, ನಾನು ಚಿಕ್ಕವಳಿದ್ದಾಗ ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. ಮಗ ಹೋಗಿ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆರೆದ. ‘ಅಮ್ಮಾ, ಕೆಳಗೆ ದನ ಇದೆ, ನಾಲ್ಕು!’ ಅಂತ ಕೂಗಿದ. ನಡುವೆ ಅಪ್ಸರೆಯರೂ ಇದ್ದಾರೆ, ಮೇಲೆ ಲಿಂಗವೂ ಇದೆ. ಎರಡು ಪಟ್ಟಿಗಳ ನಡುವೆ ಒಂದು ಸಾಲು ಅಕ್ಷರ ಇರುವ ಹಾಗಿದೆ. ಸಂಜೆ ಬಿಸಿಲಿಗೆ ಕಾದು ಫೋಟೋ ತೆಗೆದಿದ್ದೇನೆ, ಸುಣ್ಣ ಬಳಿದಿಲ್ಲ. ಓದಿ ಹೇಳ್ತೀರಾ?