ಐಸ್ ಹಾಕಿ ಎನ್‌ಫೋರ್ಸರ್: ಹೊಡೆದಾಟಾನ ಕೆಲಸ ಆದವರ ವೃತ್ತಿ ಹ್ಯಾಂಗಿರ್ತೈತಿ?

ಟಿಳಕವಾಡಿ_ಚಕ್ರ:
ನಮ್ಮ ಬೆಳಗಾವ್ಯಾಗ ಹಾಕಿ ಅಂದ್ರ ಮೈದಾನದ ಹಾಕಿ. 1964ರ ಒಲಿಂಪಿಕ್ಸ್ ಚಿನ್ನದ ತಂಡದ ಬಂಡು ಪಾಟೀಲರ ಊರಿದು. ಈಗ ಇನ್‌ಲೈನ್ ಸ್ಕೇಟಿಂಗ್ ಕಲಿಯೋ ಹುಡುಗೂರು ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಹೊಡೆದಾಟದ ವಿಡಿಯೋ ನೋಡಿ, ಎನ್‌ಫೋರ್ಸರ್ ಆಗೋದು ಹ್ಯಾಂಗ ಅಂತ ಕೇಳ್ತಾವ. ಬಡದಾಡಿದವನ್ನ 5 ನಿಮಿಷ ಹೊರಗ ಕೂಡಸ್ತಾರ ಅಂದ್ರ ತಂಡಕ್ಕ ನಷ್ಟ ಅಲ್ಲೇನ್ರಿ? ಅಂಥವನ್ನ ಯಾಕ ಇಟ್ಕೋತಾರ? ಗರಡ್ಯಾಗ ತಯಾರಾದವಗ ಇದು ಹಗುರ ಆಕ್ಕೈತೇನು?

ಜಮಖಂಡಿ_ಸೀಟಿ:
ಇಬ್ಬರೂ ಒಪ್ಪಿ ಕೈಗವಸು ಒಗದು ಬಡದಾಡಿದ್ರ ಇಬ್ಬರಿಗೂ 5 ನಿಮಿಷ. ಶಿಕ್ಷೆ ಸರಿಸಮ ಆತು, ಬದಲಿಯವರು ಒಳಗ ಬರ್ತಾರ, ಎರಡೂ ಕಡೆ ಐದೈದು ಆಟಗಾರರು ಹಂಗ ಉಳೀತಾರ. ತಂಡ ಕಳಕೊಳ್ಳೋದು ಪಂದ್ಯಕ್ಕ ನಾಕೈದು ನಿಮಿಷ ಆಡೋ ನಾಲ್ಕನೇ ಲೈನಿನ (ಕಡಿಮಿ ಆಡಸೋ ಕೊನೇ ಗುಂಪಿನ) ವಿಂಗರನ್ನ, ಅಷ್ಟ.

ಲೆಕ್ಕ ಕೆಡೋದು ಇನ್‌ಸ್ಟಿಗೇಟರ್ ನಿಯಮದಾಗ. ಒಬ್ಬನ ಮುಂದಾಗಿ ಜಗಳ ತಗದ ಅಂತ ರೆಫರಿಗೆ ಕಂಡ್ರ 5ಕ್ಕ ಇನ್ನೊಂದು 2, ಅದರ ಮ್ಯಾಲೆ 10 ನಿಮಿಷ ಮಿಸ್‌ಕಂಡಕ್ಟ್ (ದುರ್ವರ್ತನೆಯ ಶಿಕ್ಷೆ). ಒಟ್ಟು 17. ಆ 2 ನಿಮಿಷ ತಂಡ ಒಬ್ಬನ್ನ ಕಡಿಮಿ ಮಾಡಿ ಆಡಬೇಕು, ಅಷ್ಟರಾಗ ಗೋಲು ಬಿದ್ರ ಕೋಚ್ ಮತ್ತ ಅವನ್ನ ಒಳಗ ಬಿಡೂದಿಲ್ಲ. ಇಬ್ಬರ ಜಗಳದಾಗ ಮೂರನೆಯವ ಕೈ ಹಾಕಿದ್ರ ಪಂದ್ಯದಿಂದ ಹೊರಗ. ಜಗಳಕ್ಕಂತ ಬೆಂಚ್ ಬಿಟ್ಟು ಮೊದಲು ಇಳಿದವಗ 10 ಪಂದ್ಯ ನಿಷೇಧ.

ಇಟ್ಕೊಳ್ಳೋದು ಯಾಕ ಅಂದ್ರ ಅಂಜಿಕೆಗೆ. ತಮ್ಮ ಚಲೋ ಆಟಗಾರನ ಮೈಮ್ಯಾಲೆ ಯಾರೂ ಏರಿ ಬರಬಾರದು. ಕೆನಡಾದ ಎಡ್ಮಂಟನ್ ತಂಡದಾಗ ದೊಡ್ಡ ತಾರೆ ವೇಯ್ನ್ ಗ್ರೆಟ್ಸ್ಕಿಗೆ ಮೊದಲು ಡೇವ್ ಸೆಮೆಂಕೊ, ಆಮ್ಯಾಲೆ ಮಾರ್ಟಿ ಮ್ಯಾಕ್ಸೋರ್ಲಿ ಕಾವಲಿದ್ರು. 1988ರಾಗ ಗ್ರೆಟ್ಸ್ಕಿ ಲಾಸ್ ಏಂಜಲೀಸ್‌ಗೆ ಹೋದಾಗ ಅದ ವ್ಯವಹಾರದಾಗ ಮ್ಯಾಕ್ಸೋರ್ಲಿನೂ ಹೋದ. ಕಾವಲಿನವನ ಬೆಲೆ ಏನಿತ್ತು ಅನ್ನೋದು ಇದರಾಗ ಕಾಣತೈತಿ.

ಕೆಮ್ಮಣ್ಣು:
ಗರಡಿ ಪ್ರಶ್ನೆಗೆ. ಪೈಲ್ವಾನಗ ಹಿಡಿತದ ಬಲ ಉಪಯೋಗ ಆಕ್ಕೈತಿ, ಕಾಲಿನ ಬಲ ಅರ್ಧ ವ್ಯರ್ಥ. ಅಖಾಡದ ಮಣ್ಣಾಗ ಹೆಬ್ಬೆರಳು ಊರಿ ನಿಲ್ಲಬಹುದು. ಅಲ್ಲಿ ಕಾಲ ಕೆಳಗ ಇರೋದು ಸುಮಾರು 3 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ. ಏನೂ ಹಿಡೀದ ಗುದ್ದಿದ್ರ ಗುದ್ದಿದವನ ಹಿಂದ ಜಾರ್ತಾನ.

ಅದಕ್ಕ ಮೊದಲು ಜರ್ಸಿ ಹಿಡಿಬೇಕು. ಬಲಗೈಲೆ ಗುದ್ದೋನು ಎಡಗೈಲೆ ಎದುರಿನವನ ಬಲಗೈ ತೋಳನ್ನ ಮೊಣಕೈ ಹತ್ರ ಹಿಡಿದು ಕೆಳಗ ಜಗ್ಗತಾನ. ಕೊರಳಪಟ್ಟಿ ಹಿಡದ್ರ ಅವನ ಬಲಗೈ ಸಡಿಲ ಉಳದು ನಿಮ್ಮ ಮಾರಿಗೆ ಬರತೈತಿ. ಎಡಚ ಎದುರಾದ್ರ ಎಲ್ಲಾ ತಿರುಗಾಮುರುಗಾ: ಅವನ ಗುದ್ದೋ ಕೈ ತಡೀಬೇಕಂದ್ರ ನಿಮ್ಮ ಗುದ್ದೋ ಕೈನ ಬೇಕು. ಎಡಚರಿಗೆ ಎಲ್ಲಾರೂ ಹೆದರೋದು ಇದಕ್ಕ. ಜರ್ಸಿಯ ಹಿಂದಿನ ಅಂಚಿನ ಒಳಗ ಒಂದು ಪಟ್ಟಿ ಹೊಲದಿರ್ತಾರ, ಅದನ್ನ ಪ್ಯಾಂಟಿಗೆ ಬಿಗೀಬೇಕು. ಬಿಗೀದಿದ್ರ ಎದುರಿನವ ಜರ್ಸಿಯನ್ನ ತಲಿ ಮ್ಯಾಲೆ ಎಳದು ಎರಡೂ ಕೈ ಕಟ್ಟಿಹಾಕ್ತಾನ. ಹಂಗ ಬಿಗೀದೇ ಬಿಟ್ಟ ಜರ್ಸಿ ಕಳಚಿ ಬಂದ್ರ ಪಂದ್ಯದಿಂದನೂ ಹೊರಗ.

ಕೆಡವಿ ಚಿತ್ ಮಾಡೋದಕ್ಕ ಅಲ್ಲಿ ಅಂಕ ಇಲ್ರಿ. ಒಬ್ಬ ಬಿದ್ದ ಕೂಡ್ಲೆ ಲೈನ್ಸ್‌ಮನ್ ನಡುವ ಬಂದು ಬಿಡಸ್ತಾರ. ಖರೇ ಅಪಾಯ ಬೀಳೋದ್ರಾಗನ ಐತಿ. ಡಾನ್ ಸ್ಯಾಂಡರ್ಸನ್ ಅನ್ನೋ ಒಂಟಾರಿಯೊದ ಆಟಗಾರನ ಹೆಲ್ಮೆಟ್ ಜಗಳದಾಗ ಕಳಚಿತ್ತು, ತಲಿ ಐಸಿಗೆ ಬಡದು 2009ರ ಜನವರಿಯಾಗ ತೀರಿಹೋದ. 2013ರಿಂದ ಎನ್‌ಎಚ್‌ಎಲ್‌ದಾಗ ಜಗಳಕ್ಕ ಮೊದಲು ತಾನಾಗಿ ಹೆಲ್ಮೆಟ್ ತಗದವಗ ಹೆಚ್ಚಿನ 2 ನಿಮಿಷ.

ಕೈಗೂ ಇದ ಪಾಡು. ಹೆಲ್ಮೆಟ್ಟು, ವೈಸರ್ (ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಪರದೆ) ಮ್ಯಾಲೆ ಬಿದ್ದ ಗುದ್ದಿಗೆ ಕಿರುಬೆರಳ ಬುಡದ ಎಲುಬು ಮುರೀತೈತಿ. ಹಲ್ಲು ತಾಗಿ ಗೆಣ್ಣು ಸೀಳಿದ್ರ ಬರೇ ಹೊಲಿಗಿ ಹಾಕಿ ಮುಚ್ಚಬಾರದು, ಬಾಯಾಗಿನ ಸೋಂಕು ಕೀಲಿಗೆ ಇಳೀತೈತಿ.

ಗುಮ್ಮಟ_ನೆರಳು:
ವೃತ್ತಿಯ ವಿಷಯ ಬರೆಯುತ್ತೇನೆ, ಹುಡುಗರಿಗೆ ಇದನ್ನೇ ಮೊದಲು ಹೇಳಿ. 16ರಿಂದ 20ರವರೆಗೆ ಕೆನಡಾದ ಜೂನಿಯರ್ ಲೀಗ್, ನಂತರ ಎನ್‌ಎಚ್‌ಎಲ್‌ಗಿಂತ ಕೆಳಗಿನ ಇಸಿಎಚ್‌ಎಲ್, ಎಎಚ್‌ಎಲ್ ಲೀಗ್‌ಗಳು. ಬಹುಪಾಲು ಜನ ಅಲ್ಲಿಗೇ ನಿಲ್ಲುತ್ತಿದ್ದರು. ಮೇಲೇರಿದವನ ಒಪ್ಪಂದವೂ ಹೆಚ್ಚಾಗಿ ಎರಡು ಸಂಬಳದ್ದು: ಎನ್‌ಎಚ್‌ಎಲ್‌ನಲ್ಲಿದ್ದ ದಿನಕ್ಕೆ ಒಂದು ದರ, ಕೆಳಗೆ ಕಳಿಸಿದ ದಿನಕ್ಕೆ ಅದರ ಸಣ್ಣ ಪಾಲು.

ಡೆರೆಕ್ ಬೂಗಾರ್ಡ್‌ನನ್ನು ನೋಡಿ. 2001ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಏಳನೇ ಸುತ್ತು, 202ನೆಯವ. 277 ಪಂದ್ಯಗಳಲ್ಲಿ 3 ಗೋಲು. 2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಜೊತೆ 4 ವರ್ಷಕ್ಕೆ 65 ಲಕ್ಷ ಡಾಲರ್ ಒಪ್ಪಂದ. ಅದೇ ಡಿಸೆಂಬರಿನ ಹೊಡೆದಾಟವೇ ಕೊನೆಯದು. 2011ರ ಮೇ ತಿಂಗಳಲ್ಲಿ ನೋವಿನ ಮಾತ್ರೆ ಮತ್ತು ಮದ್ಯ ಸೇರಿ ತೀರಿಕೊಂಡಾಗ ವಯಸ್ಸು 28. ಮಿದುಳನ್ನು ಪರೀಕ್ಷಿಸಿದ ಬೋಸ್ಟನ್ ವಿಶ್ವವಿದ್ಯಾಲಯದವರಿಗೆ ಸಿಟಿಇ ಕಂಡಿತು, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಬೆಳೆಯುವ ಕಾಯಿಲೆ. 45ಕ್ಕೆ ತೀರಿಕೊಂಡ ಬಾಬ್ ಪ್ರೋಬರ್ಟ್‌ನ ಮಿದುಳಲ್ಲೂ ಅದೇ ಇತ್ತು. ತಲೆಗೆ ಪೆಟ್ಟು, ಮುರಿದ ಕೈ, ಮಾತ್ರೆ, ಮುಂದಿನ ಜಗಳದ ಭಯದಲ್ಲಿ ನಿದ್ದೆಯಿಲ್ಲದ ರಾತ್ರಿ: ಇವು ಒಟ್ಟೊಟ್ಟಿಗೇ ಬರುತ್ತವೆ.

ಈಗ ಆ ಜಾಗವೂ ಬಹಳ ಕಡಿಮೆ. ಪಂದ್ಯಕ್ಕೆ ಇಳಿಯುವವರು ಇಬ್ಬರು ಗೋಲ್‌ಕೀಪರ್‌ಗಳು, 18 ಆಟಗಾರರು. 2005ರ ನಿಯಮ ಬದಲಾವಣೆಯಿಂದ ಆಟಕ್ಕೆ ವೇಗ ಬಂದ ಮೇಲೆ ಬರೀ ಹೊಡೆಯುವವನಿಗೆ ಒಂದು ಜಾಗ ಕೊಡಲು ಹೆಚ್ಚಿನ ತಂಡಗಳಿಗೆ ಗಿಟ್ಟುವುದಿಲ್ಲ. 2016ರಿಂದ ಎಎಚ್‌ಎಲ್‌ನಲ್ಲಿ ಒಂದೇ ಸೀಸನ್ನಿನ ಹತ್ತನೇ ಜಗಳಕ್ಕೆ ನಿಷೇಧ ಬೀಳುತ್ತದೆ.

ಟಿಳಕವಾಡಿ_ಚಕ್ರ:
ಭಾಳ ಉಪಕಾರ ಆತ್ರಿ. ಲಡಾಖದಾಗ ಐಸ್ ಹಾಕಿ ಆಡೋರಿಗೂ ಈ 5 ನಿಮಿಷದ ನಿಯಮ ಐತೇನು?

ಜಮಖಂಡಿ_ಸೀಟಿ:
ಅಷ್ಟಕ್ಕ ಮುಗಿಯೂದಿಲ್ರಿ. ಅಂತರರಾಷ್ಟ್ರೀಯ ನಿಯಮದಾಗ ಕೈಗವಸು ಒಗದು ಬಡದಾಡಿದವ ಆ ಪಂದ್ಯದಿಂದನ ಹೊರಗ. ನಿಮ್ಮ ಹುಡುಗೂರಿಗೆ ಹಿಂದಕ್ಕ ಸ್ಕೇಟ್ ಮಾಡೋದು, ಎರಡೂ ಕಡೆ ತಿರುಗಿ ಗಕ್ಕನ ನಿಲ್ಲೋದು ಕಲಸ್ರಿ. ಇನ್‌ಲೈನ್‌ದಿಂದ ಐಸಿಗೆ ಹೋದವರು ಎಡವೋದು ಅಲ್ಲೇ, ಗಾಲಿ ಮ್ಯಾಲೆ ಅಡ್ಡ ಜಾರಿ ನಿಲ್ಲೋ ರೂಢಿ ಇರೂದಿಲ್ಲ.